ಕಾಲುವೆ ಮಗ್ಗುಲಿನ ರೇಡಾರ್

ನಾನು ಕೆಲಸಕ್ಕೆ ಸೇರಿದಾಗ ನಮ್ಮ ಆಂಟೆನಾಗಳ ಸುತ್ತ ಜೋಳದ ಹೊಲಗಳಿದ್ದವು. ಕಾಲುವೆಯ ಕವಲು ಅಲ್ಲಿಗೆ ಬಂದು ಮುಟ್ಟಿದ ಮೇಲೆ ಜೋಳ ಹೋಗಿ ಭತ್ತ ಬಂತು. ಭತ್ತದ ಹಿಂದೆ ಬೆಳ್ಳಕ್ಕಿ ಬಂದವು, ಸೊಳ್ಳೆ ಬಂದವು, ಕಡೆಗೆ ನೀರು ನಮ್ಮ ಕಂಬಗಳ ಬುಡಕ್ಕೇ ಬಂತು. ಆಕಾಶ ನೋಡುವ ಕೆಲಸದಲ್ಲಿ ಅಷ್ಟು ವರ್ಷ ಕಳೆದವಳು ನಾನು. ಆದರೂ ಆ ದಿನಗಳನ್ನು ನೆನೆದರೆ ಮೊದಲು ಕಣ್ಣಿಗೆ ಬರುವುದು ಚಪ್ಪಲಿಗೆ ಮೆತ್ತಿಕೊಂಡು ಕಾಲು ಭಾರ ಮಾಡುತ್ತಿದ್ದ ಎರೆ ಮಣ್ಣು.

ಶಹಾಪುರದಿಂದ ಗೋಗಿಗೆ ಹೋಗುವ ದಾರಿಯಲ್ಲಿ ರಸ್ತೆ ಬಿಟ್ಟು ಸ್ವಲ್ಪ ಒಳಗೆ ನಮ್ಮ ಕೇಂದ್ರವಿತ್ತು. ಕೇಂದ್ರ ಎಂದರೆ ತಗಡಿನ ಮಾಡಿನ ಎರಡು ಕೋಣೆ, ಒಂದು ಡೀಸೆಲ್ ಜನರೇಟರ್, ತಂತಿ ಬೇಲಿ, ಬೇಲಿಯೊಳಗೆ ಸಾಲಾಗಿ ನೆಟ್ಟ ಅಲ್ಯೂಮಿನಿಯಂ ಆಂಟೆನಾಗಳು. ಆಗ ಮನೆಗಳ ಮಾಳಿಗೆಯ ಮೇಲೆ ಟಿವಿಗೆಂದು ಇರುತ್ತಿದ್ದ ಕಡ್ಡಿ ಆಂಟೆನಾಗಳಂಥವೇ, ಅವಕ್ಕಿಂತ ದೊಡ್ಡವು, ಮುಖ ಮಾತ್ರ ಮೇಲಕ್ಕೆ. ಟಂಟಂ ಆಟೋದಲ್ಲಿ ಪಕ್ಕ ಕೂತವರು ಇಷ್ಟೊಂದು ಆಂಟೆನಾ ಹಾಕಿಕೊಂಡು ಎಷ್ಟು ಚಾನೆಲ್ ನೋಡುತ್ತೀರಿ ಎಂದು ಕೇಳುತ್ತಿದ್ದರು. ಮೊದಲೆಲ್ಲ ವಿವರವಾಗಿ ಹೇಳುತ್ತಿದ್ದೆ. ಆಮೇಲೆ ನಗುವುದಷ್ಟೇ ಮಾಡಿದೆ. ಆಮೇಲಾಮೇಲೆ ಅದೂ ಬಿಟ್ಟುಹೋಯಿತು.

ನಾವು ನೋಡುತ್ತಿದ್ದದ್ದು ನೆಲದಿಂದ ನೂರು ಕಿಲೋಮೀಟರ್ ಆಸುಪಾಸಿನ ಎತ್ತರವನ್ನು. ಅಲ್ಲಿ ಗಾಳಿ ಎಂಬುದು ಹೆಸರಿಗಷ್ಟೇ. ಇರುವ ಅಷ್ಟಿಷ್ಟು ಕಣಗಳನ್ನು ಬಿಸಿಲು ಒಡೆದು ವಿದ್ಯುತ್ತಿನ ಕಣಗಳನ್ನಾಗಿ ಮಾಡಿರುತ್ತದೆ. ಉರಿದುಹೋದ ಉಲ್ಕೆಗಳ ಲೋಹದ ಪುಡಿಯೂ ಅಲ್ಲೇ ಸೇರಿಕೊಂಡಿರುತ್ತದೆ. ಇದಕ್ಕೆ ಪ್ಲಾಸ್ಮಾ ಎನ್ನುತ್ತಾರೆ. ಈ ಪ್ಲಾಸ್ಮಾ ಸಮವಾಗಿ ಹರಡಿದ್ದರೆ ನಮ್ಮ ರೇಡಿಯೊ ಅಲೆ ಅದನ್ನು ದಾಟಿ ಹೋಗಿಬಿಡುತ್ತದೆ. ಅಲ್ಲಲ್ಲಿ ಕದಡಿ ಏರಿಳಿತ ಎದ್ದಿದ್ದರೆ ಅಲೆಯ ಒಂದು ಸಣ್ಣ ಪಾಲು ತಿರುಗಿ ಬರುತ್ತದೆ. ಹಾಗೆ ತಿರುಗಿ ಬಂದದ್ದನ್ನು ಹಿಡಿದು, ಎಷ್ಟು ಎತ್ತರದಿಂದ ಬಂತು, ಯಾವ ವೇಗದಲ್ಲಿ ಸರಿಯುತ್ತಿದೆ ಎಂದು ನೋಡುವುದು ನಮ್ಮ ಕೆಲಸ. ಒಂದು ತೊಡಕಿತ್ತು. ಆ ಏರಿಳಿತಗಳು ಭೂಮಿಯ ಅಯಸ್ಕಾಂತ ಬಲದ ಗೆರೆಗಳ ಗುಂಟ ಹೊಲದ ಸಾಲಿನಂತೆ ಉದ್ದಕ್ಕೆ ಮಲಗಿರುತ್ತವೆ. ಸಾಲಿಗೆ ಅಡ್ಡಲಾಗಿ ನೋಡಿದರಷ್ಟೇ ಏರು ತಗ್ಗು ಕಾಣುತ್ತದೆ. ಅದಕ್ಕೆಂದು ನಮ್ಮ ಅಲೆಯನ್ನು ನೆಟ್ಟಗೆ ಮೇಲಕ್ಕೆ ಬಿಡದೆ ಉತ್ತರಕ್ಕೆ ವಾಲಿಸಿ ಬಿಡುತ್ತಿದ್ದೆವು. ಎಲ್ಲ ಆಂಟೆನಾಗಳೂ ಒಟ್ಟಿಗೆ, ಒಂದೇ ಲೆಕ್ಕದಲ್ಲಿ ಕೆಲಸ ಮಾಡಿದರೆ ಮಾತ್ರ ಆ ವಾಲು ಸರಿಯಾಗಿ ಕೂರುತ್ತಿತ್ತು. ನಾಲ್ಕು ಆಂಟೆನಾ ತಪ್ಪಿದರೆ ಅಲೆ ಬೇರೆಲ್ಲೋ ನೋಡುತ್ತಿತ್ತು.

ನಾನು ಸುರಪುರದವಳು. ಅಪ್ಪ ಪ್ರಾಥಮಿಕ ಶಾಲೆಯ ಮಾಸ್ತರರು. ಬುದ್ಧನ ಪಟವಿದ್ದ ಪಡಸಾಲೆಯಲ್ಲಿ ಕೂತು ಓದಿ, ಗುಲ್ಬರ್ಗಾದಲ್ಲಿ ಭೌತಶಾಸ್ತ್ರದ ಎಂ.ಎಸ್ಸಿ. ಮುಗಿಸಿ ಬಂದಿದ್ದೆ. ನಮ್ಮ ಓಣಿಯಲ್ಲಿ ಅಷ್ಟು ಓದಿದ ಹೆಣ್ಣುಮಕ್ಕಳು ಇರಲಿಲ್ಲ. ಸಹಾಯಕಿಯ ಕೆಲಸ ಸಿಕ್ಕಾಗ ಅಮ್ಮ ನನ್ನ ಜೊತೆಗೆ ಬಂದು ಶಹಾಪುರದ ಬಾಡಿಗೆ ಕೋಣೆಯಲ್ಲಿ ನಿಂತಳು. ಅಪ್ಪ ವಾರಕ್ಕೊಮ್ಮೆ ಸುರಪುರದಿಂದ ಬಂದು ಹೋಗುತ್ತಿದ್ದರು.

ರಾತ್ರಿ ಪಾಳಿಗೆ ಗಂಡಸರಿದ್ದರು. ನನ್ನದು ಬೆಳಗಿನ ಪಾಳಿ. ಬೆಳಕು ಹರಿಯುವ ಮೊದಲೇ ಜೀಪು ಬರುತ್ತಿತ್ತು. ಹೋಗಿ ಕೂತರೆ ಮಧ್ಯಾಹ್ನದವರೆಗೆ ಪರದೆಯ ಎದುರು. ಬಹಳಷ್ಟು ದಿನ ಅಲ್ಲಿ ಏನೂ ಇರುತ್ತಿರಲಿಲ್ಲ. ಆಗೊಂದು ಈಗೊಂದು ಉಲ್ಕೆ ಚುಕ್ಕೆಯಂತೆ ಮಿಂಚಿ ಹೋಗುತ್ತಿತ್ತು. ಪಂಪ್‌ಸೆಟ್ಟುಗಳಿಗೆ ಎಳೆದ ಕರೆಂಟಿನ ತಂತಿಯಿಂದ ಬಂದ ಗದ್ದಲ ಪರದೆಯ ತುಂಬ ಉಪ್ಪು ಚೆಲ್ಲಿದಂತೆ ಹರಡಿರುತ್ತಿತ್ತು. ಮನೆಗೆ ಬಂದಾಗ ಅಮ್ಮ ಊಟಕ್ಕೆ ಬಡಿಸುತ್ತ ಇವತ್ತು ಏನಾದರೂ ಕಂಡಿತೇ ಎಂದು ಕೇಳುವಳು. ಏನೂ ಇಲ್ಲ ಎನ್ನುವೆ. ಹೊಲಕ್ಕೆ ಹೋಗಿ ಬಂದವರನ್ನು ಮಳೆ ಬಂತೇ ಎಂದು ಕೇಳುವ ಹಾಗೆ ಅವಳು ದಿನವೂ ಕೇಳುತ್ತಿದ್ದಳು, ನಾನು ದಿನವೂ ಅದೇ ಉತ್ತರ ಕೊಡುತ್ತಿದ್ದೆ.

ಕೇಂದ್ರದ ಮುಖ್ಯಸ್ಥರು ಮೈಸೂರು ಕಡೆಯವರು. ನಾವೆಲ್ಲ ಸರ್ ಎಂದೇ ಕರೆಯುತ್ತಿದ್ದೆವು. ನಡುವಯಸ್ಸು ದಾಟಿದ್ದ, ಸಣಕಲು ಮೈಯ, ಮೆತ್ತಗೆ ಮಾತಾಡುವ ಮನುಷ್ಯ. ಹೆಂಡತಿ ಮತ್ತು ಮಗಳು ಮೈಸೂರಿನಲ್ಲಿದ್ದರು. ಈ ಜಾಗವನ್ನು ಆರಿಸಿದವರಲ್ಲಿ ಅವರೂ ಒಬ್ಬರು. ಆಗ ಇಲ್ಲಿ ಕರೆಂಟಿನ ಕಂಬಗಳಿರಲಿಲ್ಲ, ಕಾರ್ಖಾನೆ ಇರಲಿಲ್ಲ, ಒಣ ಎರೆ ನೆಲ, ಸುತ್ತ ಸದ್ದಿಲ್ಲ. ರೇಡಾರಿಗೆ ಬೇಕಾದದ್ದೂ ಅದೇ. ಆದರೆ ನೀರಾವರಿಯ ನಕ್ಷೆಯಲ್ಲಿ ಅದೇ ನೆಲಕ್ಕೆ ಕಾಲುವೆಯ ಕವಲು ಬರೆದಿತ್ತು. ಇವರ ಯೋಜನೆ ಅವರಿಗೆ ತಿಳಿದಿರಲಿಲ್ಲ, ಅವರದು ಇವರಿಗೆ. ಇದನ್ನು ಹೇಳುವಾಗ ಸರ್ ಯಾರನ್ನೂ ಬೈಯುತ್ತಿರಲಿಲ್ಲ. ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಳ್ಳುವರು, ಅಷ್ಟೆ.

ಬಸಿದು ಬಂದ ನೀರು ಮೊದಲು ಕೆಡಿಸಿದ್ದು ಕೇಬಲ್ಲುಗಳ ಕೂಡುಗಳನ್ನು. ಪ್ರತಿ ಆಂಟೆನಾಕ್ಕೂ ನೆಲದಲ್ಲಿ ಹೂತ ಒಂದು ಕೇಬಲ್, ಎರಡು ತುದಿಗೂ ಒಂದೊಂದು ಕೂಡು. ಅದರೊಳಗೆ ಒಂದು ಹನಿ ಸೇರಿದರೂ ಆ ಆಂಟೆನಾ ಲೆಕ್ಕ ತಪ್ಪುತ್ತಿತ್ತು. ಪಾಳಿ ಮುಗಿದ ಮೇಲೆ ನಾನು ಸೀರೆ ಮೇಲಕ್ಕೆ ಸಿಕ್ಕಿಸಿ ಕೆಸರಿಗಿಳಿದು, ಒಂದೊಂದನ್ನೇ ಬಿಚ್ಚಿ, ಒರೆಸಿ, ಬಿಸಿಲಿಗೆ ಹಿಡಿದು, ರಬ್ಬರ್ ಟೇಪು ಸುತ್ತಿ ಮೇಲೆ ಮೇಣ ಹಾಕುತ್ತಿದ್ದೆ. ಒಂದು ಸಾಲು ಮುಗಿಸುವಷ್ಟರಲ್ಲಿ ಹಿಂದಿನ ಸಾಲು ಮತ್ತೆ ನೆನೆದಿರುತ್ತಿತ್ತು. ಕಂಬಗಳು ವಾಲತೊಡಗಿದವು. ಇಲಿಗಳು ಒಣ ಜಾಗ ಹುಡುಕಿಕೊಂಡು ನಮ್ಮ ಕೋಣೆಗೇ ಬಂದವು. ಕಾಲುವೆ ನಿಲ್ಲಿಸುವ ಬೇಸಿಗೆಯಲ್ಲಿ ನೆಲ ಒಣಗುತ್ತಿತ್ತು ನಿಜ. ಆದರೆ ಅದರ ಅರ್ಧ ಭಾಗ ಹಾಳಾದ ಕೇಬಲ್ ಬದಲಿಸುವುದರಲ್ಲೇ ಮುಗಿಯುತ್ತಿತ್ತು, ಉಳಿದರ್ಧವನ್ನು ಕರೆಂಟಿನ ಕಡಿತ ತಿನ್ನುತ್ತಿತ್ತು. ನಾವು ಕಾಯುತ್ತಿದ್ದ ಕದಡು ಹೆಚ್ಚಾಗಿ ಏಳುವುದೂ ಅದೇ ಬೇಸಿಗೆಯ ನಸುಕಿನಲ್ಲಿ.

ನೀರು ಹೊರಗೆ ಹೋಗಲು ಒಂದೇ ದಾರಿಯಿತ್ತು. ನಮ್ಮ ಬೇಲಿಗೂ ಹಳ್ಳಕ್ಕೂ ನಡುವೆ ಒಬ್ಬ ಹಿರಿಯ ಹೆಂಗಸಿನ ಹೊಲ. ನಾನು ಅವಳನ್ನು ದೊಡ್ಡವ್ವ ಎನ್ನುತ್ತಿದ್ದೆ. ಗಂಡ ತೀರಿಕೊಂಡಿದ್ದ, ಮಗ ಕಾಲುವೆಯ ಕೆಲಸಕ್ಕೆಂದು ದೂರ ಹೋಗಿದ್ದ. ದೊಡ್ಡವ್ವ ಸೊಸೆಯ ಜೊತೆ ಹೊಲದಲ್ಲೇ ಮನೆ ಮಾಡಿಕೊಂಡಿದ್ದಳು. ಮೊದಲ ಸಲ ಕುಡಿಯುವ ನೀರು ಕೇಳಲು ಹೋದಾಗ ಯಾರ ಪೈಕಿ ಎಂದು ಕೇಳಿದಳು. ಹೇಳಿದೆ. ಅವಳು ಒಳಗೆ ಹೋಗಿ ತಂಬಿಗೆ ತಂದು, ಬೊಗಸೆ ಹಿಡಿಸಿ ಮೇಲಿನಿಂದ ಹಾಕಿದಳು. ಕಡೆಗಣ್ಣಿನ ನೋಟವಾಗಲಿ ಒರಟು ಮಾತಾಗಲಿ ಇರಲಿಲ್ಲ, ರೂಢಿಯ ಹಾಗೆ ಹಾಕಿದಳು. ಕುಡಿದು ಬಂದೆ. ಸಿಟ್ಟು ಬರಲಿಲ್ಲವೆಂದಲ್ಲ. ಆ ದಿನ ಕೆಸರಿನಲ್ಲಿ ಅಷ್ಟು ಹೊತ್ತು ನಿಂತವಳಿಗೆ ಸಿಟ್ಟನ್ನು ಮನೆಯವರೆಗೆ ಹೊತ್ತುಕೊಂಡು ಹೋಗುವ ತ್ರಾಣ ಇರಲಿಲ್ಲ.

ಅವಳ ಹೊಲದ ನಡುವೆ ಹಾಯಿಸಿ ಹಳ್ಳಕ್ಕೆ ಒಂದು ಬಸಿಗಾಲುವೆ ತೆಗೆದರೆ ಆಗುತ್ತದೆ ಎಂದು ಸರ್ ಹೇಳಿದರು. ಕೇಳಲು ನನ್ನನ್ನೇ ಕರೆದುಕೊಂಡು ಹೋದರು. ಅವರ ಕನ್ನಡ ಅವಳಿಗೆ, ಅವಳದು ಅವರಿಗೆ ಅರ್ಧಂಬರ್ಧ. ದೊಡ್ಡವ್ವ ಕಳೆ ತೆಗೆಯುವುದನ್ನು ನಿಲ್ಲಿಸದೆ ಎಲ್ಲ ಕೇಳಿದಳು. ಆಮೇಲೆ ನನ್ನ ಕಡೆ ತಿರುಗಿದಳು.

"ಒಮ್ಮಿ ಸಣ್ಣ ಕಾಲಿವಿ ಅಂತ ಹೇಳಿ ನನ್ನ ಹೊಲ ಎರಡು ತುಂಡು ಮಾಡ್ಯಾರ. ದನ ಆಕಡಿ, ಬಣವಿ ಈಕಡಿ. ಇನ್ನೊಂದು ಗೆರಿ ಎಳಸ್ಕೊಳ್ಳಾಕ ನನ್ನ ಕೈಲಿ ಆಗಂಗಿಲ್ಲ ಅಂತ ನಿಮ್ಮ ಸಾಹೇಬ್ರಿಗಿ ಹೇಳವ್ವ."

ಸರ್ ಮತ್ತೊಮ್ಮೆ, ಮಗದೊಮ್ಮೆ ಹೋದರು. ಕೊನೆಯ ಸಲ ಇಬ್ಬರ ದನಿಯೂ ಏರಿತು. ನಿಮ್ಮದು ಮುಗಿಲಿನ ಕೆಲಸ, ನೆಲ ಯಾಕೆ ಬೇಕು ಎಂದು ಅವಳು ಅಂದದ್ದನ್ನು ನಾನು ಸರ್‌ಗೆ ತಿಳಿಸಿ ಹೇಳಲಿಲ್ಲ. ಅವರಿಗೆ ಅರ್ಥವಾಗಿತ್ತು ಅನ್ನಿಸುತ್ತದೆ.

ಆಮೇಲೆ ನಾರಾಯಣಪುರದ ಓಡಾಟ ಶುರುವಾಯಿತು. ನೀರಾವರಿಯ ಎಂಜಿನಿಯರೊಬ್ಬರು ಅಲ್ಲಿಯ ಕ್ವಾರ್ಟರ್ಸಿನಲ್ಲಿದ್ದರು. ಅವರನ್ನು ಕಂಡು ಬಸಿಗಾಲುವೆಯ ಮಾತಾಡಿ ಬರಲು ಸರ್ ನನ್ನನ್ನು ಕಳಿಸುತ್ತಿದ್ದರು. ಇಲ್ಲಿಯ ಮಾತು ಇಲ್ಲಿಯವರಿಗೇ ಸಲೀಸು ಎಂಬುದು ಅವರ ಲೆಕ್ಕ. ಸುರಪುರದವರೆಗೆ ಒಂದು ಬಸ್ಸು, ಅಲ್ಲಿಂದ ಇನ್ನೊಂದು. ಕೊಡೇಕಲ್ಲಿಗೆ ಹೋಗುವ ಭಕ್ತರು ಗಂಟುಮೂಟೆ ಸಮೇತ ಹತ್ತಿದರೆ ಕೊಡೇಕಲ್ ಬರುವವರೆಗೂ ನಿಂತೇ ಹೋಗಬೇಕು. ಹೋದಾಗ ಎಂಜಿನಿಯರು ಕಾಲುವೆ ನೋಡಲು ಹೋಗಿರುತ್ತಿದ್ದರು. ಅಣೆಕಟ್ಟಿನ ಹಿಂದೆ ನಿಂತ ಕೃಷ್ಣೆಯನ್ನು ನೋಡುತ್ತ ಬೇವಿನ ಮರದ ಕೆಳಗೆ ಬೆಂಚಿನ ಮೇಲೆ ಕೂತಿರುತ್ತಿದ್ದೆ. ಇಷ್ಟು ನೀರನ್ನು ಹೊಲಗಳಿಗೆ ಹಂಚುವ ಕಡೆಗೆ ಬಂದು, ಒಂದು ಹೊಲದ ನೀರನ್ನು ವಾಪಸ್ ತೆಗೆಯಿರಿ ಎಂದು ಕೇಳಲು ಕೂತಿದ್ದೇನೆ ಎಂದು ನನಗೇ ಒಂದು ಥರ ಆಗುತ್ತಿತ್ತು.

ಎಂಜಿನಿಯರು ಕೆಟ್ಟವರಲ್ಲ. ಕಡೆಗೊಂದು ದಿನ ಸಿಕ್ಕರು. ಚಹಾ ತರಿಸಿದರು, ಎಲ್ಲ ಕೇಳಿಸಿಕೊಂಡರು.

"ನೋಡ್ರಿ ಮೇಡಮ್, ನೀರು ಒಯ್ಯೋ ಕಾಲುವಿಗಿ ಮಂಜೂರಿ ಅದ. ನೀರು ಹೊರಗ ಹಾಕೋದಕ್ಕ ಇನ್ನ ಕಾಗದದ ಮ್ಯಾಲ ಸುದ್ದಾ ಏನಿಲ್ಲ. ಇವತ್ತು ಬರ್ರಿ, ನಾಳಿ ಬರ್ರಿ ಅಂತ ಸುಳ್ಳು ಹೇಳಿ ನಿಮ್ಮನ್ನ ತಿರಗಸಂಗಿಲ್ಲ. ರೈತರನ್ನ ಒಪ್ಪಿಸಿ ನೀವಾ ತಗೀರಿ. ನಾ ಅಡ್ಡ ಬರಂಗಿಲ್ಲ."

ವಾಪಸ್ ಬರುವ ಬಸ್ಸಿನಲ್ಲಿ ಕಿಟಕಿಗೆ ತಲೆ ಆನಿಸಿ ಮಲಗಿಬಿಟ್ಟೆ. ಖರೇ ಮಾತು ಕೇಳಿ ಬಂದಿದ್ದೆನಾದರೂ ಅದರಿಂದ ಮೈ ಹಗುರಾಗಿರಲಿಲ್ಲ.

ಆ ವರ್ಷದ ಮಳೆಗಾಲದಲ್ಲಿ ಸರ್‌ಗೆ ಮಲೇರಿಯಾ ಬಂತು. ಕಾಲುವೆ ಬಂದಮೇಲೆ ಆ ಸೀಮೆಯಲ್ಲಿ ಅದು ಮನೆಮನೆಯ ಮಾತಾಗಿತ್ತು. ಎರಡು ದಿನ ಮೈ ಬಿಸಿ ಎಂದುಕೊಂಡೇ ಕೆಲಸ ಮಾಡಿದರು. ಮೂರನೆಯ ದಿನ ನಾನು ಪಾಳಿಗೆ ಹೋದಾಗ ಅವರು ಯಂತ್ರದ ಕೋಣೆಯಲ್ಲಿ ನೆಲಕ್ಕೆ ಮಲಗಿದ್ದರು. ಮೇಲೆ ಕಂಬಳಿ, ಕಂಬಳಿಯ ಮೇಲೆ ಪರದೆಗೆ ಹೊದಿಸುವ ಬಟ್ಟೆ. ಹಲ್ಲು ಕಟಕಟ ಅನ್ನುವುದು ಬಾಗಿಲಿಗೇ ಕೇಳುತ್ತಿತ್ತು. ರಾತ್ರಿ ಪಾಳಿಯವನು ಜೀಪು ತರಲು ಓಡಿದ. ಜೀಪು ನನ್ನನ್ನು ಇಳಿಸಿ ತಿರುಗುವಾಗ ದಾರಿಯಲ್ಲೇ ಅಚ್ಚಿನವರೆಗೆ ಎರೆಯಲ್ಲಿ ಹೂತುಹೋಗಿತ್ತು. ರಸ್ತೆ ಕಣ್ಣಿಗೆ ಕಾಣುವಷ್ಟು ಹತ್ತಿರ. ಹೊತ್ತುಕೊಂಡು ಹೋಗೋಣವೆಂದರೆ ಒಂದೊಂದು ಹೆಜ್ಜೆಗೂ ಮೊಣಕಾಲವರೆಗೆ ಕುಸಿತ.

ನಾನು ದೊಡ್ಡವ್ವನ ಮನೆಗೆ ಹೋದೆ. ಸರ್ ಜೊತೆ ಅವಳ ಜಗಳವಾಗಿ ಬಹಳ ದಿನ ಆಗಿರಲಿಲ್ಲ. ಒಲೆಯ ಮುಂದೆ ಕೂತಿದ್ದಳು. ಸಾಹೇಬರಿಗೆ ಚಳಿಜ್ವರ, ಜೀಪು ಹೂತಿದೆ, ಬಂಡಿ ಬೇಕಿತ್ತು ಎಂದೆ. ಅವಳು ಬೇರೇನೂ ಕೇಳಲಿಲ್ಲ.

"ದಾರಿ ಮ್ಯಾಲ ಬಂಡಿ ಸುದ್ದಾ ಹೋಗಂಗಿಲ್ಲ. ಗದ್ದಿ ಬದುವಿನ ಮ್ಯಾಲ ಹಾಯಿಸಿ ಹೋಗೂಣು," ಎಂದು ಎದ್ದಳು.

ಸೊಸೆ ಎತ್ತು ಹೂಡಿದಳು. ಸರ್ ಅವರನ್ನು ಕಂಬಳಿ ಸಮೇತ ಎತ್ತಿ ಬಂಡಿಯ ಹುಲ್ಲಿನ ಮೇಲೆ ಮಲಗಿಸಿದೆವು. ಬದುವಿನ ಮೇಲೆ ಬಂಡಿಯ ಒಂದು ಗಾಲಿ, ಇನ್ನೊಂದು ಗಾಲಿ ಗದ್ದೆಯೊಳಗೆ. ಆಗಷ್ಟೇ ಹಚ್ಚಿದ ಸಸಿಗಳು ಗಾಲಿಯ ಕೆಳಗೆ ಸಾಲಾಗಿ ಮಲಗುತ್ತ ಹೋದವು. ದೊಡ್ಡವ್ವ ಹಿಂತಿರುಗಿ ನೋಡಲಿಲ್ಲ. ಅರ್ಧ ದಾರಿಯಲ್ಲಿ ಬದು ಕುಸಿದು ಬಂಡಿ ಒಂದು ಕಡೆಗೆ ವಾಲಿತು. ನಾವು ಮೂವರು ಹೆಂಗಸರು, ಡ್ರೈವರು, ರಾತ್ರಿ ಪಾಳಿಯವನು ಎಲ್ಲರೂ ನೀರಿಗಿಳಿದು ಹೆಗಲು ಕೊಟ್ಟೆವು. ಸರ್ ಕಣ್ಣು ತೆರೆದು ನನ್ನನ್ನು ನೋಡಿ, "ಟ್ರಾನ್ಸ್‌ಮಿಟರ್ ಆಫ್ ಮಾಡಿದ್ರಾ?" ಎಂದರು. ಮಾಡಿದ್ದೇನೆ ಎಂದೆ. ಮಾಡಿದ್ದೆನೋ ಇಲ್ಲವೋ ಆ ಹೊತ್ತಿಗೆ ನೆನಪೇ ಇರಲಿಲ್ಲ.

ರಸ್ತೆ ಮುಟ್ಟಿ ಟಂಟಂ ಕಾಯುತ್ತ ನಿಂತೆವು. ದೊಡ್ಡವ್ವ ಬಂಡಿಯಲ್ಲಿದ್ದ ತಂಬಿಗೆ ಕೊಟ್ಟಳು. ನಾನು ಅದನ್ನು ಹಾಗೇ ಬಾಯಿಗೆ ಕಚ್ಚಿ ಕುಡಿದು ತಿರುಗಿ ಕೊಟ್ಟೆ. ಅವಳು ನೋಡಿದಳು. ತಾನೂ ಅದರಿಂದಲೇ ಎತ್ತಿ ಕುಡಿದಳು. 

ಶಹಾಪುರದ ಆಸ್ಪತ್ರೆಯಲ್ಲಿ ಸರ್ ಬಹಳ ದಿನ ಇರಬೇಕಾಯಿತು. ಜ್ವರ ಬಿಟ್ಟು ಮತ್ತೆ ಬರುತ್ತಿತ್ತು. ಮೈಸೂರಿನಿಂದ ಅವರ ಹೆಂಡತಿ ಬಂದರು. ದಣಿದ ಮುಖದ, ನೇರ ಮಾತಿನ ಹೆಂಗಸು. ನಾನು ಅಮ್ಮ ಮಾಡಿದ ಗಂಜಿ ತೆಗೆದುಕೊಂಡು ಹೋದಾಗ ಒಂದು ದಿನ ಅವರಿಬ್ಬರ ನಡುವೆ ಮಾತು ನಡೆದಿತ್ತು. ನಾನು ಬಂದದ್ದನ್ನು ಕಂಡೂ ಆಕೆ ನಿಲ್ಲಿಸಲಿಲ್ಲ.

"ಬನ್ನಿ ಅಂದ್ರೆ ಬರೋಲ್ಲ ಅಂತೀರಿ. ಸರಿ. ಇಲ್ಲಿ ಏನು ಸಿಕ್ಕಿದ್ರೆ ನೀವು ವಾಪಸ್ ಬರ್ತೀರಿ? ಅದನ್ನಾದ್ರೂ ಹೇಳಿ, ನಾನು ಅದಕ್ಕೇ ಕಾಯ್ತೀನಿ."

 ಸರ್ ನನ್ನ ಕಡೆ ನೋಡಿ, ಪಶ್ಚಿಮದ ಸಾಲು ಇನ್ನೂ ನೀರಿನಲ್ಲೇ ಇದೆಯೇ ಎಂದು ಕೇಳಿದರು. ಆಕೆ ಗಂಜಿಯ ಡಬ್ಬಿ ನನ್ನ ಕೈಯಿಂದ ತೆಗೆದುಕೊಂಡು ಲೋಟಕ್ಕೆ ಬಗ್ಗಿಸತೊಡಗಿದರು. ಆಕೆಯ ಪ್ರಶ್ನೆಯನ್ನು ನಾನು ಮನೆಗೆ ತಂದೆ. ನಾನಾದರೂ ಏನಕ್ಕೆ ಕಾಯುತ್ತಿದ್ದೇನೆ ಎಂದು ಆ ವಾರವೆಲ್ಲ ಕೇಳಿಕೊಂಡೆ. ಸಂಬಳದ ಕೆಲಸ, ಓದಿದ ಓದಿಗೆ ತಕ್ಕದ್ದು ಎಂದು ಹೇಳಿಕೊಳ್ಳಬಹುದಿತ್ತು. ಅಷ್ಟೇ ಆಗಿದ್ದರೆ ಕೆಸರಿಗೆ ಇಳಿಯಬೇಕಿರಲಿಲ್ಲ. ಅದರಾಚೆ ಏನಿತ್ತು ಎಂಬುದನ್ನು ಮಾತಿನಲ್ಲಿ ಹಿಡಿಯಲು ಆಗಲಿಲ್ಲ. ಮುಂದಿನ ಸೋಮವಾರ ಮತ್ತೆ ಜೀಪು ಹತ್ತಿದೆ.

ಸುಗ್ಗಿ ಮುಗಿದ ಮೇಲೆ ದೊಡ್ಡವ್ವ ತಾನಾಗಿಯೇ ಬೇಲಿಯ ಹತ್ತಿರ ಬಂದು ನನ್ನನ್ನು ಕೂಗಿದಳು. ಅವಳ ಭತ್ತ ಆ ಸಲ ಬುಡ ಕೊಳೆತು ಅರ್ಧಕ್ಕರ್ಧ ಜೊಳ್ಳಾಗಿತ್ತು. ಹೊಲದ ತಗ್ಗಿನ ಮೂಲೆ ಉಪ್ಪು ಎದ್ದು ಸುಣ್ಣ ಬಳಿದಂತೆ ಬೆಳ್ಳಗಾಗಿತ್ತು.

"ನಿಮ್ಮ ನೀರು ನಿಂತಲ್ಲೆ ನಂದೂ ನಿಂತದ. ಕಾಲಿವಿ ತಗೀರಿ. ನಡಬರಕ ಬ್ಯಾಡ, ಬದುವಿಗಿ ಹಿಡದು ತಗೀರಿ. ಹಳ್ಳಕ್ಕ ಸೇರೂ ತನಕ ತಗೀಬೇಕು, ಅರ್ಧಕ್ಕ ಬಿಟ್ಟು ಕೆಳಗಿನವ್ರ ಹೊಲ ಮುಳಗಸಬ್ಯಾಡ್ರಿ," ಎಂದಳು.

ಸರ್ ಆಗಷ್ಟೇ ಕೆಲಸಕ್ಕೆ ಮರಳಿದ್ದರು, ಕೋಲು ಹಿಡಿದು ನಡೆಯುತ್ತಿದ್ದರು. ಬದು ಸುತ್ತಿಕೊಂಡು ಹೋದರೆ ದೂರವಾಗುತ್ತದೆ, ಇಳಿಜಾರು ಸಾಲುವುದಿಲ್ಲವೇನೋ ಎಂದು ಅವರಿಗೆ ಅನುಮಾನ. ಆದರೂ ವಾದಿಸಲಿಲ್ಲ. ಕಾಲುವೆ ನಿಂತ ಮೇಲೆ ಗೋಗಿಯಿಂದ ಕೂಲಿಯವರು ಬಂದರು. ಒಣಗಿದ ಎರೆ ಕಲ್ಲಿನಂತಾಗಿ ಗುದ್ದಲಿ ಚಿಮ್ಮುತ್ತಿತ್ತು, ಒಳಗಿನದು ಇನ್ನೂ ಹಸಿಯಾಗಿ ಸಲಿಕೆಗೆ ಅಂಟುತ್ತಿತ್ತು. ಹಳ್ಳ ಮುಟ್ಟುವವರೆಗೆ ಅಗೆದರು. ಒಂದು ಕಡೆ ಇಳಿಜಾರು ಸಾಲದೆ ಎರಡು ಸಲ ತೋಡಬೇಕಾಯಿತು. ಇತ್ತ ನಾನೂ ರಾತ್ರಿ ಪಾಳಿಯವರೂ ಎಲ್ಲ ಕೂಡುಗಳನ್ನು ಮೊದಲಿನಿಂದ ಬಿಚ್ಚಿ ಹೊಸದಾಗಿ ಹಾಕಿದೆವು. ಬೆರಳ ತುದಿಗಳು ಮೇಣ ಸುಟ್ಟು ಗಟ್ಟಿಯಾಗಿದ್ದವು. ರೊಟ್ಟಿ ಮುರಿದರೆ ಬಿಸಿ ತಿಳಿಯುತ್ತಿರಲಿಲ್ಲ.

ಆ ಬೇಸಿಗೆಯ ಒಂದು ನಸುಕಿನಲ್ಲಿ ಅದು ಬಂತು.

ಸೂರ್ಯ ಇನ್ನೂ ಹುಟ್ಟಿರಲಿಲ್ಲ. ಪರದೆಯ ಮೇಲೆ ನೂರು ಕಿಲೋಮೀಟರಿಗಿಂತ ಸ್ವಲ್ಪ ಮೇಲೆ ಒಂದು ತೆಳು ಪಟ್ಟೆ ಮೂಡಿತು. ಪಂಪ್‌ಸೆಟ್ಟಿನ ಗದ್ದಲವಾದರೆ ಎಲ್ಲ ಎತ್ತರದಲ್ಲೂ ಚೆಲ್ಲಿಕೊಳ್ಳಬೇಕು. ಉಲ್ಕೆಯಾದರೆ ಕ್ಷಣದಲ್ಲಿ ಆರಬೇಕು. ಇದು ನಿಂತಿತು. ಬೆಳಕು ಏರಿದಂತೆ ನಿಧಾನವಾಗಿ ಕೆಳಗಿಳಿಯತೊಡಗಿತು. ಆಮೇಲೆ ಪಟ್ಟೆ ಒಡೆದು ಓರೆ ಗೆರೆಗಳಾಯಿತು. ಒಂದು ಗೆರೆ ಮೇಲಿನಿಂದ ಓರೆಯಾಗಿ ಇಳಿದು ಮಸುಕಾಗುವಷ್ಟರಲ್ಲಿ ಅದರ ಪಕ್ಕದಲ್ಲಿ ಇನ್ನೊಂದು, ಸ್ವಲ್ಪ ಬಿಟ್ಟು ಮತ್ತೊಂದು. ಹೆಚ್ಚುಕಡಿಮೆ ಒಂದೇ ಅಂತರದಲ್ಲಿ. ಪ್ಲಾಸ್ಮಾದ ಪದರವನ್ನು ಯಾವುದೋ ಅಲೆ ಕೆಳಗಿನಿಂದ ತೂಗುತ್ತಿದೆಯೋ ಎಂಬಂತೆ.

ನಾನು ಸರ್ ಅವರನ್ನು ಕರೆದೆ. ಅವರು ಬಂದು ನನ್ನ ಹಿಂದೆ ನಿಂತರು. ಕೂತುಕೊಳ್ಳಿ ಎಂದರೂ ಕೂರಲಿಲ್ಲ. ಆಂಟೆನಾ ಎಲ್ಲ ಸರಿ ಇವೆಯೇ ಎಂದು ಕೇಳಿದರು. ಇವೆ ಎಂದೆ. ಹಾಗಾದರೆ ಮತ್ತೊಮ್ಮೆ ಬರಲಿ ನೋಡೋಣ ಎಂದರು. ಮರುದಿನ ಬರಲಿಲ್ಲ. ಅದರ ಮರುದಿನವೂ ಇಲ್ಲ. ಆಮೇಲೆ ಬಂತು, ಒಂದು ವಾರದಲ್ಲಿ ಹಲವು ಸಲ ಬಂತು. ಅಮ್ಮ ಎಂದಿನಂತೆ ಕೇಳಿದಾಗ ಕಂಡಿತು ಎಂದೆ. ಅವಳು ತಟ್ಟೆಗೆ ಪಲ್ಯ ಹಾಕುತ್ತಿದ್ದವಳು ಕೈ ನಿಲ್ಲಿಸಿ, "ಹೆಂಗಿತ್ತು?" ಎಂದಳು. ಬಣ್ಣಿಸಲು ಹೋಗಿ ಸೋತೆ. ಊಟ ಮಾಡಿ ಮಲಗಿದ ನಾನು ಸಂಜೆಯಾದರೂ ಏಳಲಿಲ್ಲ.

ಸರ್ ಆ ಮಳೆಗಾಲವೆಲ್ಲ ಕೂತು ಪ್ರಬಂಧ ಬರೆದರು. ನನ್ನ ಹೆಸರನ್ನೂ ಸೇರಿಸಿದರು. ಬಹಳ ತಿಂಗಳ ಮೇಲೆ ಅದು ವಿಜ್ಞಾನ ಪತ್ರಿಕೆಯಿಂದ ತಿರುಗಿ ಬಂತು. ಇಂಥದೇ ಓರೆ ಗೆರೆಗಳನ್ನು ಬೇರೆ ದೇಶದ ದೊಡ್ಡ ರೇಡಾರಿನವರು ಆಗಲೇ ಕಂಡು ಅಚ್ಚು ಮಾಡಿಸಿದ್ದಾರೆ, ನಿಮ್ಮದರಲ್ಲಿ ಹೊಸದೇನೆಂದು ಸ್ಪಷ್ಟಪಡಿಸಿ ಎಂಬುದು ಜೊತೆಗಿದ್ದ ಪತ್ರದ ಸಾರಾಂಶ. ಅವರ ಲೇಖನವನ್ನು ತರಿಸಿ ಓದಿದೆವು. ಚಿತ್ರಗಳು ನಮ್ಮವೇ ಅನ್ನುವಷ್ಟು ಒಂದೇ ಥರ. ಸರ್ ಅದನ್ನು ಮೇಜಿನ ಮೇಲಿಟ್ಟು ಚಹಾ ಕುಡಿದು ಮುಗಿಸಿದರು.

"ಅಲ್ಲೂ ಇದೇ ಬಂದಿದೆ. ಅಂದ್ರೆ ನಾವು ನೋಡಿದ್ದು ಗದ್ದಲ ಅಲ್ಲ," ಎಂದರು. ಲೋಟ ಪಕ್ಕಕ್ಕೆ ಸರಿಸಿ, "ಅಷ್ಟಾದ್ರೂ ಗೊತ್ತಾಯ್ತು," ಎಂದರು.

ನನಗೆ ಅಳು ಬರಬೇಕಿತ್ತು. ಬರಲಿಲ್ಲ. ಮೈಯೊಳಗಿನ ಯಾವುದೋ ಬಿಗಿ ಸಡಿಲಾಗಿ ಎಲ್ಲಾದರೂ ಒರಗಿ ಕೂರಬೇಕು ಅನ್ನಿಸಿತು. ಪ್ರಬಂಧವನ್ನು ತಿದ್ದಿ ಚಿಕ್ಕದು ಮಾಡಿ ಕಳಿಸಿದೆವು. ನಮ್ಮ ಅಕ್ಷಾಂಶದಲ್ಲೂ ಹೀಗೆ ಕಾಣುತ್ತದೆ ಎಂಬ ಸಣ್ಣ ಟಿಪ್ಪಣಿಯಾಗಿ ಅದು ಅಚ್ಚಾಯಿತು.

ಕೇಂದ್ರ ಮತ್ತೆ ಒಂದೆರಡು ವರ್ಷ ನಡೆಯಿತು. ಬಸಿಗಾಲುವೆ ಇದ್ದರೂ ಸುತ್ತ ಪಂಪ್‌ಸೆಟ್ಟು ಹೆಚ್ಚುತ್ತ ಹೋಗಿ ಗದ್ದಲ ಮಿತಿಮೀರಿತು. ಮೇಲಿನವರು ಬಂದು ನೋಡಿ, ಇದನ್ನು ಮುಚ್ಚುವುದೇ ಸರಿ ಎಂದರು. ನಮಗೂ ಬೇರೆ ಅನ್ನಿಸಿರಲಿಲ್ಲ. ಸರ್‌ಗೆ ವರ್ಗವಾಯಿತು. ಕಂಬಗಳನ್ನು ಕೀಳಿಸಿ ಲಾರಿಗೆ ತುಂಬುವ ದಿನ ದೊಡ್ಡವ್ವ ಬಂದು ನೋಡುತ್ತ ನಿಂತಿದ್ದಳು. ಅವಳ ಹೊಲ ಬಹುಪಾಲು ಸುಧಾರಿಸಿತ್ತು. ಬೆಳ್ಳಗಾದ ಮೂಲೆ ಮಾತ್ರ ಹಾಗೇ ಇತ್ತು, ಅಲ್ಲಿ ಹುಲ್ಲೂ ಹುಟ್ಟುತ್ತಿರಲಿಲ್ಲ. ಇನ್ನು ಎಲ್ಲಿಗೆ ಹೋಗುತ್ತೀ ಎಂದು ಕೇಳಿದಳು. ಯಾದಗಿರಿಯ ಕಾಲೇಜಿನಲ್ಲಿ ಪಾಠ ಹೇಳುವ ಕೆಲಸ ಸಿಕ್ಕಿದೆ ಎಂದೆ. ಛಲೋ ಆಯಿತು, ನೆರಳಿನ ಕೆಲಸ ಎಂದಳು.

ಯಾದಗಿರಿಗೆ ಬಂದು ವರ್ಷಗಳು ಕಳೆದ ಮೇಲೆ ಸರ್ ಫೋನ್ ಮಾಡಿದರು. ನಿವೃತ್ತಿ ಆಗಿದೆ, ಹೆಂಡತಿಯೊಂದಿಗೆ ಮಗಳ ಮನೆಗೆ ಹೋಗುತ್ತಿದ್ದೇನೆ, ರೈಲು ಯಾದಗಿರಿಯ ಮೇಲೆ ಹಾಯುತ್ತದೆ ಎಂದರು. ಆ ದಿನ ಬೆಳಿಗ್ಗೆ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಬದನೆಕಾಯಿ ಪಲ್ಯ ಕಟ್ಟಿಕೊಂಡು ಸ್ಟೇಷನ್ನಿಗೆ ಹೋದೆ. ಅವರು ಬೋಗಿಯ ಬಾಗಿಲಲ್ಲೇ ನಿಂತಿದ್ದರು, ಮೊದಲಿಗಿಂತ ಇನ್ನೂ ಸಣ್ಣಗೆ. ಅವರ ಹೆಂಡತಿ ಒಳಗಿನಿಂದ ಕೈ ನೀಡಿ ಗಂಟು ತೆಗೆದುಕೊಂಡು, ಈಗ ಪೂರ್ತಿ ವಾಪಸ್ ಬಂದಿದ್ದಾರೆ ನೋಡು ಎಂದು ನಕ್ಕರು. ಸರ್ ದೊಡ್ಡವ್ವನ ಬಗ್ಗೆ ಕೇಳಿದರು. ಅವಳು ತೀರಿಕೊಂಡು ಎರಡು ವರ್ಷವಾಯಿತು, ಮಗ ಹಿಂತಿರುಗಿ ಬಂದು ಗದ್ದೆ ಮಾಡುತ್ತಿದ್ದಾನೆ ಎಂದು ಹೇಳಿದೆ. ಅವರು ತಲೆಯಾಡಿಸಿದರು. ನೀವು ಈಗ ಏನಾದರೂ ನೋಡುತ್ತಿದ್ದೀರಾ ಎಂದು ಕೇಳಿದರು. ಪಾಠ, ಪೇಪರ್ ತಿದ್ದುವುದು, ಅದರಲ್ಲೇ ಹೊತ್ತು ಹೋಗುತ್ತದೆ ಎಂದೆ. ನನಗೂ ಅಷ್ಟೇ ಕಣಮ್ಮ, ಪತ್ರಿಕೆಗಳು ಬಂದರೆ ಚಿತ್ರ ನೋಡಿ ಮಡಚಿಡುತ್ತೇನೆ ಎಂದರು.

 ಅಷ್ಟರಲ್ಲಿ ರೈಲು ಅಲುಗಿತು. ಆಕೆ ಅವರ ತೋಳು ಹಿಡಿದು ಒಳಗೆ ಕರೆದುಕೊಂಡರು.

ನನಗೆ ಮೊದಲನೆಯ ಪೀರಿಯಡ್ ಇತ್ತು. ಆಟೋ ಹಿಡಿದು ಕಾಲೇಜಿಗೆ ಹೋದೆ. ಆ ದಿನದ ಪಾಠ ಮಸೂರಗಳದ್ದು. ಹಿಂದಿನ ಬೆಂಚಿನ ಹುಡುಗಿಯರು ಲೆಕ್ಕ ಅರ್ಥವಾಗಲಿಲ್ಲ ಎಂದರು. ಬೋರ್ಡು ಒರೆಸಿ ಇನ್ನೊಮ್ಮೆ ಮೊದಲಿನಿಂದ ಮಾಡಿದೆ.